ಜೇನಿಗೂ ಮುಟ್ಟಬೇಕು ಸಾವಿನ ಸುದ್ದಿ

ಮನೆಯ ಯಜಮಾನ ತೀರಿಕೊಂಡರೆ ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸುತ್ತೇವೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಿತ್ತಿಲಿನ ಜೇನುಹುಳುಗಳಿಗೂ ಮುಟ್ಟಿಸಬೇಕಿತ್ತು!

ಮನೆಯವರೊಬ್ಬರು ಬೀಗದ ಕೈ ಹಿಡಿದು ಹೋಗಿ, ಒಂದೊಂದೇ ಗೂಡನ್ನು ಮೆಲ್ಲಗೆ ತಟ್ಟಿ, ‘ನಿಮ್ಮ ಯಜಮಾನ ಹೋದ’ ಎನ್ನುತ್ತಿದ್ದರು. ಗೂಡಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಹೇಳದಿದ್ದರೆ ಹುಳುಗಳು ಗೂಡು ಬಿಟ್ಟು ಹೋಗುತ್ತವೆ, ಇಲ್ಲವೇ ಸಾಯುತ್ತವೆ ಎಂಬ ನಂಬಿಕೆ. ಮನೆಯಲ್ಲಿ ಮದುವೆಯಾದರೆ ಅವಕ್ಕೂ ಕೇಕಿನ ಒಂದು ಚೂರು!

ಇದು ಬರೀ ಹಳೆಯ ಕತೆಯಲ್ಲ. 2022ರ ಸೆಪ್ಟೆಂಬರ್ 8ರಂದು ರಾಣಿ ಎರಡನೇ ಎಲಿಜಬೆತ್ ನಿಧನರಾದಾಗ ಅರಮನೆಯ ಜೇನು ಸಾಕಣೆಗಾರ ಜಾನ್ ಚಾಪಲ್ ಮಾಡಿದ್ದೂ ಇದನ್ನೇ. ಬಕಿಂಗ್‌ಹ್ಯಾಮ್ ಅರಮನೆ ಮತ್ತು ಕ್ಲಾರೆನ್ಸ್ ಹೌಸ್‌ನ ಜೇನುಪೆಟ್ಟಿಗೆಗಳಿಗೆ ಕಪ್ಪು ರಿಬ್ಬನ್ ಕಟ್ಟಿ, ತಟ್ಟಿ, ಒಡತಿ ಇನ್ನಿಲ್ಲವೆಂದೂ ಹೊಸ ಒಡೆಯರು ಚೆನ್ನಾಗಿ ನೋಡಿಕೊಳ್ಳುವರೆಂದೂ ತಗ್ಗಿದ ದನಿಯಲ್ಲಿ ತಿಳಿಸಿದರು.

ಜೇನಿಗೆ ನಮ್ಮ ಮಾತು ತಿಳಿಯದು, ನಿಜ. ಆದರೆ ಮನೆಮಂದಿಯೆಲ್ಲ ದುಃಖದಲ್ಲಿರುವಾಗ ಹಿತ್ತಿಲಿನ ಗೂಡನ್ನು ನೆನೆಯುವವರು ಯಾರು? ಸುದ್ದಿ ಹೇಳಬೇಕೆಂಬ ಕಟ್ಟಳೆ ಯಾರಾದರೊಬ್ಬರನ್ನು ಅಲ್ಲಿಗೆ ಕಳಿಸುತ್ತಿತ್ತು. ‘ಇನ್ನು ನಿಮಗೆ ನಾನಿದ್ದೇನೆ’ ಎಂದ ಮೇಲೆ ಆ ಮಾತು ಹುಳುಗಳಿಗಿಂತ ಹೇಳಿದವನನ್ನೇ ಕಟ್ಟಿಹಾಕುತ್ತದೆ. ಮೂಢನಂಬಿಕೆ ಎನ್ನಿ, ಅದರೊಳಗೆ ಒಂದು ಹೊಣೆಯೂ ಅಡಗಿದೆ.