ಡೋಡೊ ಹಕ್ಕಿಯ ತಲೆ, ನಮ್ಮೂರ ಕೊಳಗ

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಡೋಡೊ ಎಂಬ ಹಕ್ಕಿ ಇತ್ತು. ಹಾರಲು ಬಾರದ, ಮನುಷ್ಯನನ್ನು ಕಂಡರೂ ಹೆದರದ ದಪ್ಪನೆಯ ಹಕ್ಕಿ. 1598ರಲ್ಲಿ ಡಚ್ ನಾವಿಕರು ಆ ದ್ವೀಪಕ್ಕೆ ಬಂದಿಳಿದರು. ಹಡಗುಗಳ ಜೊತೆಗೆ ಇಲಿ, ಹಂದಿ, ಕೋತಿಗಳೂ ಬಂದವು. ಸುಮಾರು ನೂರು ವರ್ಷಗಳಲ್ಲಿ ಡೋಡೊ ಸಂತತಿಯೇ ಅಳಿದುಹೋಯಿತು. ಇಂದು ಅದರ ಚರ್ಮದ ಅಂಶ ಉಳಿದಿರುವುದು ಜಗತ್ತಿನಲ್ಲಿ ಒಂದೇ ಕಡೆ: ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ. ಅದೂ ಒಂದು ತಲೆ ಮತ್ತು ಒಂದು ಪಾದದ ಅವಶೇಷ ಮಾತ್ರ.

ಪಾಠ ಹೇಳಿ, ಪರೀಕ್ಷೆ ನಡೆಸಿ, ಪದವಿ ಕೊಡುವ ಸಂಸ್ಥೆಗೆ ಸತ್ತ ಹಕ್ಕಿಯ ತಲೆಯಿಂದ ಆಗುವ ಕೆಲಸವೇನು? ವಿಶ್ವವಿದ್ಯಾನಿಲಯಗಳು ವಸ್ತುಸಂಗ್ರಹಾಲಯಗಳನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಈ ತಲೆಯ ಕಥೆಯಲ್ಲಿಯೇ ಉತ್ತರವಿದೆ.

ಮೂರು ಅಂತಸ್ತಿನ ಪಾಠ

17ನೇ ಶತಮಾನದಲ್ಲಿ ಜಾನ್ ಟ್ರೇಡ್‌ಸ್ಕಂಟ್ ಎಂಬ ಒಂದೇ ಹೆಸರಿನ ತಂದೆ-ಮಗ ಇಬ್ಬರೂ ತೋಟಗಾರರಾಗಿ ಹೆಸರು ಮಾಡಿದ್ದರು. ದೇಶವಿದೇಶಗಳಿಂದ ಗಿಡ, ಚಿಪ್ಪು, ಆಯುಧ, ಉಡುಪು, ಪ್ರಾಣಿಗಳ ಕಳೇಬರಗಳನ್ನು ತರಿಸಿ ಲಂಡನ್ ಬಳಿಯ ಲ್ಯಾಂಬೆತ್‌ನ ತಮ್ಮ ಮನೆಯಲ್ಲಿ ತುಂಬಿದ್ದರು. 1656ರಲ್ಲಿ ಅಚ್ಚಾದ ಅವರ ಸಂಗ್ರಹದ ಪಟ್ಟಿಯಲ್ಲಿ ಡೋಡೊ ಕೂಡ ಸೇರಿದೆ. ಈ ಸಂಗ್ರಹ ಮುಂದೆ ಎಲಿಯಾಸ್ ಆಶ್ಮೋಲ್ ಎಂಬಾತನ ಕೈಸೇರಿತು. ಆತ ಅದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಕೊಡಲು ಮುಂದಾದ. ಆದರೆ ಅದಕ್ಕೆ ತಕ್ಕ ಕಟ್ಟಡ ಕಟ್ಟಬೇಕೆಂಬ ಷರತ್ತು ಹಾಕಿದ. ಹೀಗೆ 1683ರಲ್ಲಿ ಆಶ್ಮೋಲಿಯನ್ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು.

ಆ ಕಟ್ಟಡದ ಯೋಜನೆ ಗಮನಿಸುವಂತಹುದು. ಮೇಲಿನ ಅಂತಸ್ತಿನಲ್ಲಿ ಸಂಗ್ರಹ, ನಡುವೆ ಉಪನ್ಯಾಸದ ಕೊಠಡಿ, ನೆಲಮಾಳಿಗೆಯಲ್ಲಿ ರಸಾಯನ ಪ್ರಯೋಗಶಾಲೆ. ನೋಡುವುದು, ಕೇಳುವುದು, ಮಾಡಿ ತಿಳಿಯುವುದು ಮೂರೂ ಒಂದೇ ಸೂರಿನ ಕೆಳಗೆ. ಅದರ ಮೊದಲ ಪಾಲಕ ರಾಬರ್ಟ್ ಪ್ಲಾಟ್ ವಿಶ್ವವಿದ್ಯಾನಿಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕನೂ ಆಗಿದ್ದ. ಅಂದರೆ ಬೀಗದ ಕೈ ಮೇಷ್ಟ್ರ ಬಳಿಯೇ ಇತ್ತು.

ಇನ್ನೊಂದು ವಿಶೇಷವೆಂದರೆ, ಶುಲ್ಕ ಕೊಟ್ಟ ಯಾರಿಗೂ ಅಲ್ಲಿ ಪ್ರವೇಶವಿತ್ತು. 1710ರಲ್ಲಿ ಬಂದ ಜರ್ಮನ್ ವಿದ್ವಾಂಸ ಉಫೆನ್‌ಬಾಖ್‌ಗೆ ಇದೇ ಸಿಟ್ಟು ತರಿಸಿತು. ಸಂತೆಗೆ ಬಂದ ಹಳ್ಳಿಯ ಗಂಡಸರು, ಹೆಂಗಸರೆಲ್ಲ ಒಳಗೆ ನುಗ್ಗಿ ವಸ್ತುಗಳನ್ನು ಮುಟ್ಟಿ ನೋಡುತ್ತಾರೆಂದು ಆತ ಬರೆದಿಟ್ಟಿದ್ದಾನೆ. ಆತನಿಗೆ ಅದು ದೂರು. ಇಂದು ಓದಿದರೆ ಅದು ಆ ಸಂಸ್ಥೆಗೆ ಸಿಕ್ಕ ಪ್ರಶಂಸಾಪತ್ರದಂತೆ ಕಾಣುತ್ತದೆ!

ಒಂದು ತಲೆ, ಮೂರು ಪ್ರಶ್ನೆ

ಆದರೆ ವಸ್ತುವನ್ನು ತಂದಿಟ್ಟರಷ್ಟೇ ಸಾಲದು, ಕಾಪಾಡಲೂ ಬೇಕು. 1755ರ ಹೊತ್ತಿಗೆ ಆಕ್ಸ್‌ಫರ್ಡಿನ ಡೋಡೊ ಹುಳು ಹಿಡಿದು ಹಾಳಾಗಿತ್ತು. ಅದನ್ನು ಪ್ರದರ್ಶನದಿಂದ ತೆಗೆದುಹಾಕಲಾಯಿತು. ತಲೆ ಮತ್ತು ಒಂದು ಪಾದವನ್ನು ಮಾತ್ರ ಉಳಿಸಿಕೊಂಡರು.

ಅವು ಮುಂದಿನವರಿಗೆ ಪಾಠವಾದವು. 1848ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಮೆಲ್ವಿಲ್ ಎಂಬ ಇಬ್ಬರು ವಿಜ್ಞಾನಿಗಳು ಆ ತಲೆಯನ್ನು ಅಭ್ಯಸಿಸಿ, ಡೋಡೊ ಪಾರಿವಾಳದ ಬಳಗಕ್ಕೆ ಸೇರಿದ್ದೆಂದು ವಾದಿಸಿದರು. 2002ರಲ್ಲಿ ಅದೇ ಅವಶೇಷದಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದಾಗ ಆ ವಾದ ನಿಜವಾಯಿತು. ಜೀವಂತ ಹಕ್ಕಿಗಳಲ್ಲಿ ಅದರ ಹತ್ತಿರದ ನೆಂಟ ನಿಕೋಬಾರ್ ಪಾರಿವಾಳ ಎಂಬುದೂ ತಿಳಿಯಿತು. 2018ರಲ್ಲಿ ತಲೆಯನ್ನು ಸ್ಕ್ಯಾನ್ ಮಾಡಿದಾಗ ಹಿಂಭಾಗದಲ್ಲಿ ಸೀಸದ ಚರೆಗಳು ಕಂಡವು. ಲಂಡನ್ನಿನಲ್ಲಿ ಜೀವಂತ ಪ್ರದರ್ಶನಕ್ಕಿದ್ದ ಹಕ್ಕಿಯೇ ಇದಿರಬಹುದೆಂದು ಅದುವರೆಗೆ ಹಲವರು ನಂಬಿದ್ದರು. ಅದಕ್ಕೆ ಗುಂಡು ಹೊಡೆದವರು ಯಾರು, ಎಲ್ಲಿ ಎಂಬ ಹೊಸ ಪ್ರಶ್ನೆ ಹುಟ್ಟಿತು.

1755ರಲ್ಲಿ ಆ ತಲೆಯನ್ನು ಎತ್ತಿಟ್ಟವರಿಗೆ ಡಿಎನ್‌ಎ ಎಂಬ ಪದವೇ ಗೊತ್ತಿರಲಿಲ್ಲ. ಪುಸ್ತಕ ತನ್ನ ಕಾಲದ ಉತ್ತರ ಹೇಳುತ್ತದೆ. ವಸ್ತು ಹಾಗಲ್ಲ, ಮುಂದೆ ಯಾರೋ ಕೇಳಲಿರುವ ಪ್ರಶ್ನೆಗೆ ಕಾದು ಕೂತಿರುತ್ತದೆ. ವಿಶ್ವವಿದ್ಯಾನಿಲಯದ ಸಂಗ್ರಹಕ್ಕೂ ಪ್ರದರ್ಶನದ ಅಂಗಡಿಗೂ ಇರುವ ವ್ಯತ್ಯಾಸ ಇದೇ.

ಡೋಡೊ ತಲೆ ಈಗಿರುವುದು ಆಕ್ಸ್‌ಫರ್ಡಿನಲ್ಲಿ 1860ರಲ್ಲಿ ತೆರೆದ ಪ್ರಕೃತಿ ವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿ ಕಟ್ಟಡವೂ ಪಾಠವೇ. ಅಂಗಳದ ಸುತ್ತಲಿನ ಕಂಬಗಳು ಬ್ರಿಟನ್ನಿನ ಬೇರೆ ಬೇರೆ ಪ್ರದೇಶಗಳ ಕಲ್ಲಿನಿಂದ ಮಾಡಿದವು; ಯಾವ ಕಲ್ಲು, ಎಲ್ಲಿಯದು ಎಂದು ಹೆಸರು ಬರೆದಿದೆ. ಕಂಬಗಳ ತಲೆಯ ಮೇಲೆ ಗಿಡಬಳ್ಳಿಗಳ ಕೆತ್ತನೆಯಿದೆ. ಸುತ್ತ ಒಂದು ಬಾರಿ ನಡೆದರೆ ಭೂವಿಜ್ಞಾನ, ಸಸ್ಯವಿಜ್ಞಾನಗಳ ಮೊದಲ ಪರಿಚಯ ಆಗಿಹೋಗುತ್ತದೆ.

ಗಂಗೋತ್ರಿಯ ಅರಮನೆ

ಇಂತಹುದೇ ಯತ್ನ ನಮ್ಮ ಮೈಸೂರಿನಲ್ಲೂ ನಡೆದಿದೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮಿ ವಿಲಾಸ ಅರಮನೆ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪಾಲಾಗಿ, ಮಾನಸಗಂಗೋತ್ರಿಯ ಭಾಗವಾಯಿತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಅದರ ಹಿಂದೆ ದುಡಿದರು. ತೊಗಲು ಗೊಂಬೆ, ಸೋಮನ ಮುಖವಾಡ, ಯಕ್ಷಗಾನದ ವೇಷಭೂಷಣ, ದೀಪ, ಅಳತೆಯ ಮಾನ, ಬೇಸಾಯದ ಉಪಕರಣ ಹೀಗೆ ಸಾವಿರಾರು ವಸ್ತುಗಳು ನಾಡಿನ ಮೂಲೆಮೂಲೆಗಳಿಂದ ಬಂದು ಸೇರಿದವು.

ಕಾಲವೂ ಅಂತಹುದೇ ಆಗಿತ್ತು. ಕಪಿಲೆಯ ಜಾಗಕ್ಕೆ ಪಂಪ್‌ಸೆಟ್, ಒನಕೆಯ ಜಾಗಕ್ಕೆ ಮಿಲ್ಲು, ಮಣ್ಣಿನ ಮಡಕೆಯ ಜಾಗಕ್ಕೆ ಸ್ಟೀಲ್ ಪಾತ್ರೆ ಬರುತ್ತಿತ್ತು. ಮನೆಯವರು ಮೂಲೆಗೆ ಎಸೆದದ್ದನ್ನು ವಿಶ್ವವಿದ್ಯಾನಿಲಯ ಎತ್ತಿಕೊಂಡಿತು.

ಕೊಳಗವನ್ನೇ ನೋಡಿ. 1950ರ ದಶಕದ ಕೊನೆಯಿಂದ ಮೆಟ್ರಿಕ್ ಪದ್ಧತಿ ಜಾರಿಗೆ ಬಂದ ಮೇಲೆ ಅದು ನಿಧಾನವಾಗಿ ಬಳಕೆ ತಪ್ಪಿತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದು ಹಳೆಯ ಲೆಕ್ಕ. ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯನ್ನು ಇಷ್ಟು ಖಂಡುಗವೆಂದು ಹೇಳಿರುವುದುಂಟು. ಅಷ್ಟು ಬೀಜ ಬಿತ್ತುವ ಜಾಗ ಎಂದು ಅದರ ಅರ್ಥ. ಆದರೆ ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಎರಡು ಊರಿನ ಕೊಳಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ವಿದ್ಯಾರ್ಥಿಗೆ, ಎರಡು ಶಾಸನಗಳ ಖಂಡುಗ ಒಂದೇ ಅಲ್ಲದಿರಬಹುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಿಘಂಟಿನಲ್ಲಿ ಒಂದು ಸಾಲಾಗಿರುವುದು ಕೈಗೆ ಬಂದಾಗ ಚರಿತ್ರೆಯಾಗುತ್ತದೆ.

ಅದೇ ಕೊಳಗವನ್ನು ನೋಡುವ ಹಳ್ಳಿಯ ಅಜ್ಜಿ, ಅದು ಯಾವ ಊರಿನ ಮಾದರಿ, ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಏನೆಂದು ಹೇಳುತ್ತಿದ್ದರು ಎಂದು ವಿವರಿಸಬಲ್ಲಳು. ಇಲ್ಲಿ ಸಾರ್ವಜನಿಕರು ಕಲಿಯುವವರಷ್ಟೇ ಅಲ್ಲ, ಕಲಿಸುವವರೂ ಹೌದು.

ಚೀಟಿ ಕಳೆದರೆ

ಇಷ್ಟೆಲ್ಲ ನಡೆಯಬೇಕಾದರೆ ಎರಡು ಕೆಲಸ ತಪ್ಪಬಾರದು. ಮೊದಲನೆಯದು ದಾಖಲೆ. ವಸ್ತು ಯಾವ ಊರಿನದು, ಯಾರ ಮನೆಯದು, ಯಾವುದಕ್ಕೆ ಬಳಸುತ್ತಿದ್ದರು ಎಂಬ ಚೀಟಿ ಕಳೆದುಹೋದರೆ ಉಳಿಯುವುದು ಬರೀ ಹಳೆಯ ಸಾಮಾನು. ಎರಡನೆಯದು ರಕ್ಷಣೆ. ಮರಕ್ಕೆ ಗೆದ್ದಲು, ತೊಗಲಿಗೆ ಹುಳು, ಬಟ್ಟೆಗೆ ತೇವ ಸದಾ ಕಾದಿರುವ ಶತ್ರುಗಳು. ಜಯಲಕ್ಷ್ಮಿ ವಿಲಾಸಕ್ಕೆ 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರ ನಡೆಯಿತು. ಆದರೂ ಹಳೆಯ ಕಟ್ಟಡದ ಭಾಗಗಳು ಆಮೇಲೆ ಮತ್ತೆ ಶಿಥಿಲಗೊಂಡವು. ಸೂರಿನ ದುರಸ್ತಿ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ವಿಶ್ವವಿದ್ಯಾನಿಲಯದ ಆಯವ್ಯಯದಲ್ಲಿ ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಇಂತಹ ಖರ್ಚಿಗೆ. ಈ ವರ್ಷ ಪುಸ್ತಕ ಕೊಳ್ಳದಿದ್ದರೆ ಬರುವ ವರ್ಷ ಕೊಳ್ಳಬಹುದು. ಸೋರುವ ಸೂರಿನ ಕೆಳಗೆ ಹಾಳಾದ ತೊಗಲು ಗೊಂಬೆಯನ್ನು, ಅದನ್ನು ಮಾಡಿದ ಕೈಗಳೇ ಇಲ್ಲವಾದ ಮೇಲೆ, ಯಾವ ಅನುದಾನವೂ ಮರಳಿ ತರಲಾರದು. ಆಕ್ಸ್‌ಫರ್ಡ್ ಇಡೀ ಹಕ್ಕಿಯನ್ನು ಕಳೆದುಕೊಂಡು ತಲೆಯನ್ನಷ್ಟೇ ಉಳಿಸಿಕೊಂಡಿತು. ನಮ್ಮ ಸಂಗ್ರಹಗಳಲ್ಲಿ ಬಹಳಷ್ಟು ಇನ್ನೂ ಇಡಿಯಾಗಿಯೇ ಉಳಿದಿವೆ.