ಕಡಿಬಂಡೆಯ ಮೇಲೊಂದು ಹಕ್ಕಿಗಳ ಊರು

ಸ್ಕಾಟ್ಲೆಂಡಿನ ಉತ್ತರಕ್ಕೆ, ಅಟ್ಲಾಂಟಿಕ್ ಸಾಗರ ಮತ್ತು ಉತ್ತರ ಸಮುದ್ರಗಳ ನಡುವೆ ನೂರಕ್ಕೂ ಹೆಚ್ಚು ಪುಟ್ಟ-ದೊಡ್ಡ ದ್ವೀಪಗಳಿವೆ. ಇವುಗಳ ಸಮೂಹವೇ ಷೆಟ್ಲೆಂಡ್. ಬೇಸಿಗೆ ಬಂತೆಂದರೆ ಇಲ್ಲಿನ ಕಡಿದಾದ ಬಂಡೆಗಳ ಮೇಲೆ ಲಕ್ಷಾಂತರ ಕಡಲ ಹಕ್ಕಿಗಳು ನೆರೆಯುತ್ತವೆ. ಅವನ್ನು ನೋಡಲು ಮೇ ತಿಂಗಳಿನಿಂದ ಜುಲೈವರೆಗೆ ದೂರದೂರದ ಪಕ್ಷಿವೀಕ್ಷಕರೂ ಬರುತ್ತಾರೆ. ವರ್ಷದ ಬಹುಕಾಲ ಕಡಲಿನಲ್ಲೇ ಕಳೆಯುವ ಈ ಹಕ್ಕಿಗಳು ಒಂದೇ ಋತುವಿನಲ್ಲಿ ಇಲ್ಲಿ ಸೇರುವುದೇಕೆ?

ಕತ್ತಲಾಗದ ರಾತ್ರಿ

ಷೆಟ್ಲೆಂಡ್ ಇರುವುದು ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಜೂನ್ 21ರ ಸುಮಾರಿಗೆ ಇಲ್ಲಿ ಹಗಲು ಹೆಚ್ಚುಕಡಿಮೆ 19 ಗಂಟೆ. ನಡುರಾತ್ರಿಯಲ್ಲೂ ಸೂರ್ಯ ದಿಗಂತದಿಂದ ಆರೂವರೆ ಡಿಗ್ರಿಯಷ್ಟೇ ಕೆಳಗಿರುತ್ತಾನೆ. ಹಾಗಾಗಿ ಆಕಾಶದಲ್ಲಿ ಮಬ್ಬು ಬೆಳಕು ಉಳಿದೇ ಇರುತ್ತದೆ. ಸ್ಥಳೀಯರು ಇದನ್ನು ‘ಸಿಮ್ಮರ್ ಡಿಮ್’ ಎನ್ನುತ್ತಾರೆ.

ವಸಂತದಿಂದ ಬೆಳಕು ಹೆಚ್ಚುತ್ತಾ ಹೋದಂತೆ ಸಮುದ್ರದಲ್ಲಿ ಸಸ್ಯಪ್ಲವಕಗಳು ಸಮೃದ್ಧವಾಗಿ ಬೆಳೆಯುತ್ತವೆ. ಇವನ್ನು ಪ್ರಾಣಿಪ್ಲವಕಗಳು, ಅವನ್ನು ಪುಟ್ಟ ಮೀನುಗಳು ತಿನ್ನುತ್ತವೆ. ಮರಿಗಳಿಗೆ ಆಹಾರ ತರಲು ತಾಯ್ತಂದೆಯರಿಗೆ ದೀರ್ಘ ಹಗಲೂ ಸಿಗುತ್ತದೆ.

ಯಾರಿಗೆ ಯಾವ ಅಂತಸ್ತು?

ನಾಸ್ ಎಂಬ ದ್ವೀಪದಲ್ಲಿ 181 ಮೀಟರ್ ಎತ್ತರದ ಮರಳುಗಲ್ಲಿನ ಬಂಡೆಯಿದೆ. ಗಾಳಿ, ಮಳೆ ಹಾಗೂ ಅಲೆಗಳಿಂದ ಅದರ ಮೆದು ಪದರಗಳು ಸವೆದು, ಗಟ್ಟಿ ಪದರಗಳು ಚಾಚುಗಳಾಗಿ ಉಳಿದಿವೆ. ದೋಣಿಯಲ್ಲಿ ಕುಳಿತು ನೋಡಿದರೆ ಬಹುಮಹಡಿ ಕಟ್ಟಡದಂತೆ ಕಾಣುತ್ತದೆ.

ಅಗಲ ಚಾಚುಗಳು ಗ್ಯಾನೆಟ್‌ಗಳಿಗೆ. ರೆಕ್ಕೆ ಬಿಚ್ಚಿದರೆ ಸುಮಾರು 1.8 ಮೀಟರ್ ಅಗಲವಿರುವ ಈ ಬಿಳಿ ಹಕ್ಕಿ ಎತ್ತರದಿಂದ ಬಾಣದಂತೆ ನೀರಿಗೆ ಧುಮುಕುತ್ತದೆ. ಇದಕ್ಕೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳಿಲ್ಲ. ಚರ್ಮದಡಿಯ ಗಾಳಿಚೀಲಗಳು ಧುಮುಕಿದಾಗಿನ ಪೆಟ್ಟನ್ನು ತಗ್ಗಿಸುತ್ತವೆ.

ಕಿರಿದಾದ ಚಾಚುಗಳಲ್ಲಿ ಗಿಲೆಮಾಟ್‌ಗಳು ಒತ್ತೊತ್ತಾಗಿ ನಿಲ್ಲುತ್ತವೆ. ಇವು ಗೂಡು ಕಟ್ಟುವುದಿಲ್ಲ. ಬರಿಯ ಬಂಡೆಯ ಮೇಲೇ ಒಂದು ಮೊಟ್ಟೆ ಇಡುತ್ತವೆ. ಮೊಟ್ಟೆಯ ಆಕಾರ ಪೇರ್‌ ಹಣ್ಣಿನಂತೆ. ಉರುಳಿದರೆ ಅದು ಸುತ್ತಿಕೊಂಡು ಅಲ್ಲೇ ಬರುವುದರಿಂದ ಕೆಳಗೆ ಬೀಳುವುದಿಲ್ಲ ಎಂಬ ವಿವರಣೆ ಬಹುಕಾಲ ಪಠ್ಯಗಳಲ್ಲಿತ್ತು. ಬ್ರಿಟನ್ನಿನ ಟಿಮ್ ಬರ್ಕ್‌ಹೆಡ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೊಂದು ಉತ್ತರ ನೀಡಿದವು: ಈ ಆಕಾರದ ಮೊಟ್ಟೆ ಇಳಿಜಾರಿನಲ್ಲಿ ಉರುಳಲು ಶುರುಮಾಡುವುದೇ ಕಷ್ಟ.

ಬಂಡೆಯ ನೆತ್ತಿಯ ಹುಲ್ಲುಮಣ್ಣು ಪಫಿನ್‌ಗಳ ಪಾಲು. ಅವು ಬಿಲ ತೋಡಿ ಒಂದೇ ಮೊಟ್ಟೆ ಇಡುತ್ತವೆ. ಷೆಟ್ಲೆಂಡಿನ ಮುಖ್ಯ ದ್ವೀಪದ ದಕ್ಷಿಣ ತುದಿಯಲ್ಲಿರುವ ಸಂಬರ್ಗ್ ಹೆಡ್ ದೀಪಸ್ತಂಭದ ಬಳಿ ಇವನ್ನು ಹತ್ತಿರದಿಂದಲೇ ನೋಡಬಹುದು. ಪಫಿನ್ ಒಮ್ಮೆಗೆ ಹತ್ತಾರು ಮೀನುಗಳನ್ನು ಕೊಕ್ಕಿನಲ್ಲಿ ಅಡ್ಡಡ್ಡ ಹಿಡಿದು ತರಬಲ್ಲದು. ಅಂಗುಳಿನ ಮುಳ್ಳುಗಳಿಗೆ ನಾಲಿಗೆಯಿಂದ ಮೀನುಗಳನ್ನು ಒತ್ತಿ ಹಿಡಿಯುವುದರಿಂದ ಇದು ಸಾಧ್ಯ.

ಮೂಸಾ ದ್ವೀಪದಲ್ಲಿ ಸುಮಾರು 2000 ವರ್ಷ ಹಳೆಯ, 13 ಮೀಟರ್ ಎತ್ತರದ ಕಲ್ಲಿನ ಗೋಪುರವಿದೆ. ಅದರ ಗೋಡೆಯ ಸಂದುಗಳಲ್ಲಿ ಸ್ಟಾರ್ಮ್ ಪೆಟ್ರೆಲ್ ಗೂಡು ಮಾಡುತ್ತದೆ. ಗುಬ್ಬಚ್ಚಿಯಷ್ಟೇ ತೂಕದ ಈ ಹಕ್ಕಿ ಬೇಟೆಗಾರ ಹಕ್ಕಿಗಳ ಕಣ್ಣು ತಪ್ಪಿಸಲು ನಡುರಾತ್ರಿಯ ಮಬ್ಬಿನಲ್ಲೇ ಗೂಡಿಗೆ ಮರಳುತ್ತದೆ.

ಸರಪಳಿಯ ಒಂದು ಕೊಂಡಿ

ಹೀಗೆ ಜಾಗವನ್ನು ಹಂಚಿಕೊಂಡರೂ ಹಲವು ಹಕ್ಕಿಗಳ ಮರಿಗಳಿಗೆ ಮುಖ್ಯ ಆಹಾರ ಒಂದೇ. ಅದು ಮರಳಿನಲ್ಲಿ ಹುದುಗಿಕೊಳ್ಳುವ, ಕೊಬ್ಬು ತುಂಬಿದ ‘ಸ್ಯಾಂಡ್‌ಈಲ್’ ಎಂಬ ತೆಳು ಮೀನು. 1980ರ ದಶಕದ ಕೊನೆಯಲ್ಲಿ ಈ ಮೀನು ಕಡಿಮೆಯಾದಾಗ ಷೆಟ್ಲೆಂಡಿನ ಆರ್ಕ್ಟಿಕ್ ಟರ್ನ್‌ಗಳು ಮರಿಗಳನ್ನು ಬೆಳೆಸಲಾಗದೆ ಸೋತವು. 2004ರಲ್ಲಿಯೂ ಹಲವು ಜಾತಿಯ ಹಕ್ಕಿಗಳಿಗೆ ಅದೇ ಗತಿಯಾಯಿತು. ಸಮುದ್ರ ಬಿಸಿಯಾದಂತೆ ಸ್ಯಾಂಡ್‌ಈಲ್ ತಿನ್ನುವ ತಂಪುನೀರಿನ ಪ್ಲವಕಗಳು ಉತ್ತರಕ್ಕೆ ಸರಿಯುತ್ತಿವೆ. ಪಫಿನ್ 2015ರಿಂದ ಜಾಗತಿಕ ಅಪಾಯ ಪಟ್ಟಿಯಲ್ಲಿದೆ. ಇದರ ಮೇಲೆ 2022ರಲ್ಲಿ ಹಕ್ಕಿಜ್ವರ ಬಂದು, ಗ್ರೇಟ್ ಸ್ಕೂವಾ ಹಾಗೂ ಗ್ಯಾನೆಟ್‌ಗಳು ಅಪಾರ ಸಂಖ್ಯೆಯಲ್ಲಿ ಸತ್ತವು.

ಆಹಾರ ಸರಪಳಿಯ ಈ ಕೊಂಡಿಯನ್ನು ಉಳಿಸಲೆಂದು 2024ರಲ್ಲಿ ಸ್ಕಾಟ್ಲೆಂಡ್ ತನ್ನ ಕಡಲಿನಲ್ಲೆಲ್ಲ ಸ್ಯಾಂಡ್‌ಈಲ್ ಹಿಡಿಯುವುದನ್ನು ನಿಷೇಧಿಸಿತು. ನಿಷೇಧದಿಂದ ಬಲೆಗೆ ಬೀಳುವ ಮೀನು ಉಳಿದೀತು. ನೀರು ಬಿಸಿಯಾಗುವುದನ್ನು ಮಾತ್ರ ಒಂದು ದೇಶದ ಕಾನೂನು ತಡೆಯಲಾರದು. ಹಾಗಾಗಿ ಪಫಿನ್ ಕೊಕ್ಕಿನಲ್ಲಿ ಮೀನು ಹಿಡಿದು ಬಿಲಕ್ಕೆ ಮರಳುವಾಗ ವೀಕ್ಷಕರು ಹಕ್ಕಿಯ ಜೊತೆಗೆ ಆ ಮೀನನ್ನೂ ಗಮನಿಸುವುದು ಒಳ್ಳೆಯದು. ಅದು ಯಾವ ಮೀನು, ಎಷ್ಟು ದೊಡ್ಡದು ಎಂಬುದರಲ್ಲಿ ಇಡೀ ಸಮುದ್ರದ ಆರೋಗ್ಯದ ಸುಳಿವಿದೆ.