ಮೂವತ್ತಮೂರು ಗೇಟು, ಒಂದೇ ಆಜ್ಞೆ



ಗಂಗಾವತಿಯ ಭತ್ತದ ಗದ್ದೆಗಳಿಗೆ ನೀರು ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಆ ನೀರನ್ನು ಹಿಡಿದಿಡುವ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳೆಗೆಂದು ನಿಂತಿದ್ದ ನೀರು ಬಹಳಷ್ಟು ನದಿಯ ಪಾಲಾಯಿತು. ಕೆಲವು ದಿನಗಳ ಅನಂತರ ಸ್ಟಾಪ್‌ಲಾಗ್ ಇಳಿಸಿ ಕಿಂಡಿಯನ್ನು ಮುಚ್ಚಲಾಯಿತು. ಮುಂದೆ ಎಲ್ಲ 33 ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು.

ಇಷ್ಟು ದೊಡ್ಡ ರಚನೆಯಲ್ಲಿ ಯಾವ ಭಾಗ ಎಂದು ಕೂರಿಸಿದ್ದು, ಎಂದು ಪರೀಕ್ಷಿಸಿದ್ದು ಎಂಬ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವುದು ಹೇಗೆ? ಈ ಗೇಟುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಗೆರೆಯಲ್ಲ, ವಸ್ತು

ಕಾಗದದ ನಕ್ಷೆಯಲ್ಲಿ ಗೇಟು ಎಂದರೆ ನಾಲ್ಕು ಗೆರೆ. ರೆವಿಟ್‌ನಂಥ ಕಟ್ಟಡ ಮಾದರಿ ತಂತ್ರಾಂಶದಲ್ಲಿ ಅದೊಂದು ವಸ್ತು. ಅದಕ್ಕೆ ತನ್ನದೇ ಗುರುತಿನ ಸಂಖ್ಯೆ ಇರುತ್ತದೆ. ಅಗಲ, ಎತ್ತರ, ಲೋಹ, ಕೂರಿಸಿದ ವರ್ಷ ಮುಂತಾದ ಮಾಹಿತಿ ಅದಕ್ಕೆ ಅಂಟಿಕೊಂಡಿರುತ್ತದೆ.

ಈ ಮಾಹಿತಿಯಲ್ಲಿ ಎರಡು ಬಗೆ. ತುಂಗಭದ್ರೆಯ ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಇದು ಎಲ್ಲ ಗೇಟುಗಳಿಗೂ ಸಮಾನವಾದ ‘ಮಾದರಿಯ ಗುಣ’. ಸರಪಳಿ ಪರೀಕ್ಷಿಸಿದ ದಿನಾಂಕವಾದರೋ ಗೇಟಿನಿಂದ ಗೇಟಿಗೆ ಬೇರೆ. ಇದು ‘ಬಿಡಿ ಗುಣ’. ಮೊದಲನೆಯದನ್ನು ಒಂದು ಕಡೆ ತಿದ್ದಿದರೆ 33 ಕಡೆಯೂ ಬದಲಾಗುತ್ತದೆ. ಎರಡನೆಯದನ್ನು ತಿದ್ದಿದರೆ ಆ ಒಂದು ಗೇಟಿಗೆ ಮಾತ್ರ.

ಓದುವುದು

ಒಂದೊಂದೇ ಗೇಟನ್ನು ಮೌಸ್‌ನಿಂದ ಒತ್ತಿ ನೋಡುತ್ತ ಹೋಗಬಹುದು. ಸಾವಿರಾರು ವಸ್ತುಗಳಿದ್ದರೆ? ಆಗ ಸ್ಕ್ರಿಪ್ಟ್, ಅಂದರೆ ಪೈಥಾನ್‌ನಂಥ ಭಾಷೆಯಲ್ಲಿ ಬರೆದ ಸಣ್ಣ ಆಜ್ಞಾಪಟ್ಟಿ, ನೆರವಿಗೆ ಬರುತ್ತದೆ. ಅದರ ಸಾರಾಂಶ ಕನ್ನಡದಲ್ಲಿ ಹೀಗಿರುತ್ತದೆ:

ಮಾದರಿಯಲ್ಲಿರುವ ಗೇಟುಗಳನ್ನೆಲ್ಲ ಆರಿಸು.
ಪ್ರತಿಯೊಂದರ ಪರೀಕ್ಷಾ ದಿನಾಂಕವನ್ನು ಓದು.
ದಿನಾಂಕ ಖಾಲಿಯಿದ್ದರೆ ಗೇಟಿನ ಸಂಖ್ಯೆಯನ್ನು ಪಟ್ಟಿಗೆ ಸೇರಿಸು.

ಮೂರು ಸಾಲಿನ ಈ ವಿಧಾನ 33 ಗೇಟಿಗೂ ಒಂದೇ, ಮೂರು ಸಾವಿರ ಬಾಗಿಲಿಗೂ ಒಂದೇ.

ಬದಲಿಸುವುದು

ಓದುವುದರಿಂದ ಮಾದರಿಗೆ ತೊಂದರೆಯಿಲ್ಲ, ಬರೆಯುವುದರಲ್ಲಿ ಅಪಾಯವಿದೆ. ಆದ್ದರಿಂದ ರೆವಿಟ್‌ನಲ್ಲಿ ಬದಲಾವಣೆಗೆ ಮುನ್ನ ‘ವಹಿವಾಟು’ ಒಂದನ್ನು ತೆರೆಯಬೇಕು. ಬ್ಯಾಂಕಿನ ವಹಿವಾಟಿನಂತೆಯೇ ಇದು: ಎಲ್ಲವೂ ಸರಿಯಾಗಿ ನಡೆದರೆ ಖಾಯಂ ಮಾಡಬೇಕು, ನಡುವೆ ಎಡವಿದರೆ ಇಡಿಯಾಗಿ ರದ್ದು ಮಾಡಿ ಮೊದಲ ಸ್ಥಿತಿಗೆ ಮರಳಬಹುದು.

ಅಳತೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪರದೆಯ ಮೇಲೆ ಮೀಟರ್ ಕಂಡರೂ ರೆವಿಟ್ ಒಳಗೆ ಉದ್ದವನ್ನು ಅಡಿಗಳಲ್ಲೇ ಇಟ್ಟುಕೊಳ್ಳುತ್ತದೆ. 20 ಅಡಿ ಎಂದರೆ 6.096 ಮೀಟರ್. ಪರಿವರ್ತಿಸದೆ ಸ್ಕ್ರಿಪ್ಟ್‌ನಲ್ಲಿ 6.096 ಎಂದು ಬರೆದರೆ ಗೇಟು ಆರು ಅಡಿಗೆ ಕುಗ್ಗುತ್ತದೆ. ಎತ್ತರ ಮಾದರಿಯ ಗುಣವಾದ್ದರಿಂದ ಕುಗ್ಗುವುದು ಒಂದಲ್ಲ, ಮೂವತ್ತಮೂರೂ! ತಂತ್ರಾಂಶ ಇದನ್ನು ತಪ್ಪೆಂದು ಹೇಳುವುದಿಲ್ಲ. ಆರು ಅಡಿಯ ಗೇಟೂ ಅದರ ಪಾಲಿಗೆ ಗೇಟೇ. ಹಾಗಾಗಿ ಮೊದಲು ಕಡತದ ಪ್ರತಿ ತೆಗೆದಿಡಿ, ಒಂದೇ ವಸ್ತುವಿನ ಮೇಲೆ ಪ್ರಯೋಗಿಸಿ, ಬರೆದದ್ದನ್ನು ಮತ್ತೆ ಓದಿ ಹೋಲಿಸಿ.

ಎಲ್ಲರಿಗೂ ತಿಳಿಯುವ ಕಡತ

ರೆವಿಟ್ ಹಣ ಕೊಟ್ಟು ಪಡೆಯುವ ತಂತ್ರಾಂಶ. ಬೇರೆ ಬೇರೆ ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸಲು ಐಎಫ್‌ಸಿ ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಲ್ಲಿ ಪ್ರತಿ ವಸ್ತುವಿಗೂ 22 ಅಕ್ಷರಗಳ ಗುರುತು ಇರುತ್ತದೆ. ಇಂಥ ಕಡತವನ್ನು ಪೈಥಾನ್‌ನಿಂದ ಓದಿ ಬದಲಿಸಲು ಐಎಫ್‌ಸಿ ಓಪನ್‌ಶೆಲ್ ಎಂಬ ಉಚಿತ ಸಾಧನ ದೊರೆಯುತ್ತದೆ. ಕಾಲೇಜಿನ ಸಾಧಾರಣ ಕಂಪ್ಯೂಟರಿನಲ್ಲೇ ಇದನ್ನು ಕಲಿಯಬಹುದು.

ಒಂದು ಮಾತು ನೆನಪಿರಲಿ. ದಿನಾಂಕ ತುಂಬಿದ ಮಾತ್ರಕ್ಕೆ ಸರಪಳಿ ಗಟ್ಟಿಯಾಗದು. ಸ್ಕ್ರಿಪ್ಟ್ ಹೇಳುವುದು ಎಲ್ಲಿ ನೋಡಬೇಕು ಎಂಬುದನ್ನು ಮಾತ್ರ. ಅಣೆಕಟ್ಟೆ ಹತ್ತಿ ಸರಪಳಿಯನ್ನು ಕಣ್ಣಾರೆ ನೋಡಬೇಕಾದವರು ಮನುಷ್ಯರೇ.

ನೀವೇ ಮಾಡಿ ನೋಡಿ

1. ನಿಮ್ಮ ಶಾಲೆಯ ಕಿಟಕಿಗಳ ಪಟ್ಟಿ ಮಾಡಿ. ಯಾವುದು ಮಾದರಿಯ ಗುಣ, ಯಾವುದು ಬಿಡಿ ಗುಣ?
2. ಒಡೆದ ಗಾಜಿನ ಕಿಟಕಿಗಳನ್ನು ಹುಡುಕುವ ಆಜ್ಞೆಯನ್ನು ಮೂರು ಸಾಲಿನಲ್ಲಿ ಬರೆಯಿರಿ.